ಸಂಜೆಯ ಲೈನು

"ಬೀಗ ಹಾಕಿದೆನಾ?" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು. ಟೆಲಿಫೋನ್ ಬೋರ್ಡಿನ ಕೋಣೆಯಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ತನ್ನ ದನಿ ತನಗೇ ಕೇಳಿಸಿ, ಪರರ ಮನೆಯ ಮಾತಿಗೆ ಕಿವಿಯೊಡ್ಡಿ ಸಿಕ್ಕಿಬಿದ್ದವಳ ಹಾಗೆ ನಾಚಿಕೊಂಡಳು. ಕೆಲಸಕ್ಕೆ ಬರುವ ಹೆಂಗಸರೆಲ್ಲ ಕುರ್ಚಿಯಲ್ಲಿ ಕೂತ ಮೇಲೆ ಒಮ್ಮೆ ಕೇಳಿಕೊಳ್ಳುವ ಪ್ರಶ್ನೆಯೇ ಇದು. ಹಾಕಲಿಲ್ಲವೇನೋ ಎಂದು ಅವರ ಭಯ. ಇವಳ ಭಯ, ಹಾಕಿಬಿಟ್ಟೆನಲ್ಲ ಎಂದು. ಹಾಕಿದ್ದು ನಿಜ. ಕೈಚೀಲದೊಳಗೆ ಬೆರಳಾಡಿಸಿದರೆ ಬೀಗದ ಕೈ ತಣ್ಣಗೆ ತಗಲುತ್ತದೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ, ಹೊರಗೆ ಬೀಗ, ಒಳಗೆ ಅಮ್ಮ. ಚಿಲಕ ಸರಿಸುವಾಗ ಸದ್ದಾಗದಿರಲೆಂದು ಕರವಸ್ತ್ರ ಅಡ್ಡ ಹಿಡಿದಿದ್ದಳು. ಆದರೂ ಅದು ಕಿರ್ರೆಂದಿತು. ಆಗ ಒಳಗಿನಿಂದ ಅಮ್ಮ, ಏನೂ ತಿಳಿಯದ ಅಮ್ಮ, "ಹುಷಾರಾಗಿ ಹೋಗಿ ಬಾರೇ" ಅಂದಳು. ಆ ಮಾತು ಬಸ್ಸಿನುದ್ದಕ್ಕೂ ಅವಳ ಪಕ್ಕದಲ್ಲೇ ಕೂತು ಬಂತು. ಇವತ್ತೊಂದು ದಿನ, ಎಂದು ತನಗೆ ಸಮಾಧಾನ ಹೇಳಿಕೊಂಡಿದ್ದಳು. ಅದೂ ಸುಳ್ಳು. ಇವತ್ತು ಫೋನಿನ ಮೆಕ್ಯಾನಿಕ್ ಬಂದು ಆಫೀಸಿನಿಂದ ಹೊರಗೆ ಹೋಗುವ ದುಬಾರಿ ಕರೆಗಳನ್ನೆಲ್ಲ ನಿಲ್ಲಿಸಲಿದ್ದಾನೆ. ಅವು ನಿಂತ ಮೇಲೆ ನಾಳೆಯೂ ಬೀಗವೇ, ನಾಳಿದ್ದೂ ಬೀಗವೇ.

ಹಗಲೆಲ್ಲ ಅಮ್ಮನಿಗೆ ಏನೂ ಆಗುವುದಿಲ್ಲ. ಕಿಟಕಿಯ ಬಳಿ ಕೂತು, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪದ್ಯಗಳನ್ನು ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಾಳೆ. ಒಂದು ಸಾಲು ತಪ್ಪಿದರೆ ಮೊದಲಿಂದ ಶುರು. ಬೆಳಕು ಇಳಿಯತೊಡಗಿದ ಕೂಡಲೇ ಪದ್ಯ ನಿಲ್ಲುತ್ತದೆ. ಮಕ್ಕಳು ಶಾಲೆಯಿಂದ ಬಂದಿಲ್ಲ ಎಂಬ ಗಾಬರಿ ಹಿಡಿಯುತ್ತದೆ. ಮಕ್ಕಳೆಂದರೆ ಇವಳು ಮತ್ತು ತಂಗಿ, ಇವಳಿಗೆ ಈಗ ತಲೆ ನರೆತಿದೆ. ಹಿಂದೊಮ್ಮೆ ಹಾಗೆಯೇ ಹುಡುಕಿಕೊಂಡು ಹೋದವಳು ದೊಡ್ಡ ರಸ್ತೆಯ ನಟ್ಟನಡುವೆ, ವಾಹನಗಳೆಲ್ಲ ಬಾಯಿ ಬಡಿದುಕೊಳ್ಳುತ್ತಿರುವಾಗ, ಎರಡೂ ಕೈಯಲ್ಲಿ ಯಾರದೋ ಚಪ್ಪಲಿ ಹಿಡಿದು ನಿಂತಿದ್ದಳು. ಪಕ್ಕದ ಮನೆಯಾಕೆ ಕರೆತಂದು ಒಳಗೆ ಬಿಟ್ಟು, "ಕೆಲಸ ಕೆಲಸ ಅಂತ ಹೋಗ್ತೀರಲ್ಲ, ಹೆತ್ತವಳನ್ನ ಯಾರ ತಲೆಗೆ ಕಟ್ಟಿದ್ದೀರಿ?" ಎಂದು ಮೆಟ್ಟಿಲ ಮೇಲೆ ನಾಲ್ಕು ಜನ ಕೇಳುವಂತೆ ಅಂದಿದ್ದಳು. ಆಕೆಯೂ ಈಗ ಮನೆ ಬಿಟ್ಟು ಹೋಗಿದ್ದಾಳೆ, ಆ ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಚೀಟಿ ಅಂಟಿದೆ. ಹೋದಾಗ ಇವಳಿಗೆ ಹಾಯೆನಿಸಿತ್ತು. ಈಗ ಆ ಚೀಟಿಯ ಮುಂದೆ ತಲೆ ಎತ್ತದೆ ದಾಟುತ್ತಾಳೆ.

ಆಫೀಸು ಮುಚ್ಚಿ ಇವಳು ಮನೆ ಸೇರುವವರೆಗಿನ ಆ ಹೊತ್ತನ್ನು ದಾಟಿಸಬೇಕಿತ್ತು, ಅಷ್ಟೇ. ಅಮ್ಮನ ತಲೆಯಲ್ಲಿ ಉಳಿದಿದ್ದದ್ದು ಒಂದೇ ನಂಬರು, ಇವಳ ಆಫೀಸಿನದು. ಇವಳಿಗೆ ಕೆಲಸ ಸಿಕ್ಕ ಹೊಸತರಲ್ಲಿ ಅಮ್ಮ ಆ ಅಂಕಿಗಳನ್ನೂ ಪದ್ಯದ ಧಾಟಿಗೆ ಕೂರಿಸಿ, ನಡುವೆ ಉಸಿರು ಬಿಡುವ ಜಾಗ ಇಟ್ಟುಕೊಂಡು, ಕಲಿತುಬಿಟ್ಟಿದ್ದಳು. ಬೇರೆ ಯಾವ ನಂಬರೂ ಆ ಧಾಟಿಗೆ ಒಗ್ಗಲಿಲ್ಲ. ತಂಗಿಯಿರುವುದು ಸಮುದ್ರದಾಚೆ, ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕನನ್ನು ನೋಡಿಕೊಂಡು. ಆ ಮನೆಯವರು ಫೋನಿನ ಡಯಲಿಗೆ ಪುಟ್ಟ ಬೀಗ ಜಡಿದಿದ್ದಾರೆ; ಬಂದ ಕರೆ ಎತ್ತಬಹುದು, ತಾನಾಗಿ ಮಾಡುವ ಹಾಗಿಲ್ಲ. ಇಲ್ಲಿ ಸಂಜೆಯಾದರೆ ಅಲ್ಲಿ ಮುದುಕ ಊಟ ಮಾಡಿ ನಿದ್ದೆ ಹೋಗುವ ಹೊತ್ತು. ಆಫೀಸು ಮುಚ್ಚಿದ ಮೇಲೆ ಹೊರಗಿನಿಂದ ಬರುವ ಕರೆಗಳು ಹಿಂದಿನ ಗೋದಾಮಿನ ಫೋನಿಗೆ, ಕಾವಲಿನವನ ಮೇಜಿಗೆ, ಹೋಗುವಂತೆ ಬೋರ್ಡಿನಲ್ಲಿ ಮೊದಲೇ ಕಟ್ಟಿಟ್ಟಿದ್ದರು. ಇವಳು ಅದಕ್ಕೊಂದು ಗಂಟು ಜಾಸ್ತಿ ಹಾಕಿದಳು: ಗೋದಾಮಿಗೆ ಬಂದ ಕರೆ ಅಲ್ಲಿ ನಿಲ್ಲದೆ ನೇರ ತಂಗಿಯ ಅಡುಗೆಮನೆಗೆ ಹೋಗಲಿ ಎಂದು. ಸಂಜೆ ಹೊರಡುವ ಮುನ್ನ ಹಾಕುವುದು, ಬೆಳಿಗ್ಗೆ ಬಂದ ಕೂಡಲೇ ಬಿಚ್ಚುವುದು. ಅಮ್ಮ ಪಕ್ಕದ ಬಡಾವಣೆಗೆ ಮಾಡಿದಷ್ಟು ಸಲೀಸಾಗಿ ಆಫೀಸಿಗೆ ಫೋನ್ ಮಾಡುತ್ತಾಳೆ, ಸಮುದ್ರದಾಚೆಯಿಂದ ಚಿಕ್ಕ ಮಗಳು "ಏನಮ್ಮಾ ಮಹಾರಾಣಿ" ಎನ್ನುತ್ತಾಳೆ, ಇವಳು ಬಾಗಿಲು ತೆಗೆದು ಒಳಗೆ ಕಾಲಿಡುವಾಗ ಅಮ್ಮ ನಗುತ್ತ ರಿಸೀವರ್ ಕೆಳಗಿಡುತ್ತಿರುತ್ತಾಳೆ. ಆ ನಗೆಯ ಕೊನೆಯ ಚೂರಷ್ಟೇ ಇವಳ ಪಾಲು. ಬೋರ್ಡಿನವಳಿಗೆ ಯಾರ ಮಾತನ್ನಾದರೂ ಕೇಳುವ ಗುಂಡಿ ಇರುತ್ತದೆ. ಒಂದು ಸಂಜೆಯೂ ನಿಂತು ಕೇಳಬೇಕೆನಿಸಿರಲಿಲ್ಲ. ತನ್ನನ್ನು ಕುರಿತು ಏನು ಹೇಳುತ್ತಾಳೋ ಎಂಬ ಹೆದರಿಕೆಯೂ ಇತ್ತೆನ್ನಿ.

ನಿನ್ನೆಯ ಗಂಟನ್ನು ಇವತ್ತು ಬಿಚ್ಚಲು ಕೈ ಹಾಕುವಷ್ಟರಲ್ಲಿ ಮ್ಯಾನೇಜರು ಎಲ್ಲರನ್ನೂ ಹಜಾರಕ್ಕೆ ಕರೆದರು. ಮೆಕ್ಯಾನಿಕ್ ಆಗಲೇ ಬಂದು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಮ್ಯಾನೇಜರ ಕೈಯಲ್ಲಿ ಟೆಲಿಫೋನ್ ಬಿಲ್ಲು. ರಾತ್ರಿ ಪಾಳಿ ಮುಗಿದರೂ ಮನೆಗೆ ಹೋಗಲು ಬಿಡದೆ ನಿಲ್ಲಿಸಿಕೊಂಡಿದ್ದ ಕಾವಲಿನವನು, ಎಲ್ಲರ ಬಾಯಲ್ಲೂ ಗೋದಾಮಣ್ಣ, ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಪಕ್ಕ ನಿಂತಿದ್ದ.

"ಗೋದಾಮಿನ ಫೋನಿಂದ ದಿನಾ ಸಂಜೆ ಪರದೇಶಕ್ಕೆ ಕರೆ ಹೋಗಿದೆ. ಸಂಜೆ ಅಲ್ಲಿ ಇರೋನು ನೀನು. ಯಾರಪ್ಪ ಅಲ್ಲಿ ನಿನಗೆ? ಮಾವನ ಮನೆಯಾ?"

"ಸ್ವಾಮಿ, ಅಲ್ಲಿ ನನಗೆ ಯಾರಿದ್ದಾರೆ? ಈ ಊರಲ್ಲೇ ಹೆಂಡ್ತಿ ಬಿಟ್ರೆ ಯಾರೂ ಇಲ್ಲ."

ಯಾರೋ ಕಿಸಕ್ಕೆಂದರು. ಲೆಕ್ಕದ ವಿಭಾಗದ ದಪ್ಪನೆಯವರು, "ಗೋದಾಮಣ್ಣ ಒಳಗೊಳಗೇ ವ್ಯಾಪಾರ ಶುರು ಮಾಡಿರಬೇಕು ಬಿಡಿ ಸಾರ್, ಇಲಿ ರಫ್ತು" ಅಂದರು. ನಗು ಹಜಾರದ ತುಂಬ ಹರಡಿತು. ಮುದುಕನೂ ನಕ್ಕ, ಎಲ್ಲರೂ ನಗುವಾಗ ತಾನು ನಗದಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಹಾಗೆ ನಕ್ಕ. ಅವಳ ನಾಲಿಗೆ ಎದ್ದು ಹಲ್ಲಿನ ಹಿಂಬದಿಗೆ ಬಂದು ನಿಂತಿತು. ಈಗ, ಈಗ ಹೇಳಬೇಕು. 'ಸಾರ್, ಅದು' ಎಂಬುದು ಗಂಟಲಲ್ಲೇ ಪೂರ್ತಿ ತಯಾರಾಗಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆ ಹೋಗುತ್ತದೆ, ಎಂದೆಲ್ಲ ಆಗ ಅವಳು ಯೋಚಿಸಲಿಲ್ಲ. ಆಮೇಲೆ ಹಾಗೆ ಯೋಚಿಸಿದ್ದೆ ಎಂದು ತನ್ನನ್ನು ನಂಬಿಸಿಕೊಂಡಳು. ಆಗ ಅನಿಸಿದ್ದು ಇಷ್ಟೇ: ಈ ನಗು ತಿರುಗಿ ತನ್ನ ಮೇಲೆ, ಆಮೇಲೆ ಚಪ್ಪಲಿ ಹಿಡಿದು ನಿಂತ ಅಮ್ಮನ ಮೇಲೆ, ಬೀಳುತ್ತದೆ. ಗೋದಾಮಣ್ಣನ ಕಣ್ಣು ಒಬ್ಬೊಬ್ಬರ ಮುಖವನ್ನೂ ಸವರಿಕೊಂಡು ಬರುತ್ತಿತ್ತು. ತನ್ನ ಬಳಿ ಬರುವಷ್ಟರಲ್ಲಿ ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದಳು.

"ಮುದುಕ ಅಂತ ಸುಮ್ಮನಿದ್ದೀನಿ," ಎಂದರು ಮ್ಯಾನೇಜರು. "ಗೋದಾಮಿನ ಫೋನ್ ಇವತ್ತೇ ಕಿತ್ತು ಹಾಕ್ತಾರೆ. ಇನ್ನು ಈ ಕಟ್ಟಡದಲ್ಲಿ ಯಾವ ಫೋನಿಗೆ ಕೈ ಹಚ್ಚಿದ್ದು ಕಂಡರೂ ಆವತ್ತೇ ನಿನ್ನ ಕೊನೆ ದಿನ. ಕೇಳಿಸ್ತಾ?"

"ಕೇಳಿಸ್ತು ಸ್ವಾಮಿ."

ಬೋರ್ಡಿನ ಕೋಣೆಯಲ್ಲಿ ಮೆಕ್ಯಾನಿಕ್ ಅವಳ ಕುರ್ಚಿಯಲ್ಲೇ ಕೂತು ಪೆಟ್ಟಿಗೆಯ ಮುಚ್ಚಳ ತೆಗೆದ. ಬಣ್ಣಬಣ್ಣದ ತಂತಿಗಳು ಹೊರಬಿದ್ದುವು. ದಿನವೂ ಮುಟ್ಟುವ ಗುಂಡಿಗಳ ಹಿಂದೆ ಇಷ್ಟೊಂದು ಕರುಳಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವನು ಸಿಳ್ಳೆ ಹಾಕುತ್ತ ಒಂದೊಂದೇ ವಿಭಾಗದ ಫೋನಿನ ಹೊರದಾರಿ ಮುಚ್ಚುತ್ತ ಹೋದ. "ದೂರದ್ದು ಯಾವುದೂ ಹೋಗಲ್ಲಮ್ಮ. ಸಂಜೆ ಆಫೀಸು ಮುಚ್ಚಿದ ಮೇಲಂತೂ ಪಕ್ಕದ ಬೀದಿಗೂ ಹೋಗಲ್ಲ. ಬರೋದು ಮಾತ್ರ ಬರುತ್ತೆ, ಇನ್ನು ಮೇಲೆ ಇಲ್ಲೇ ನಿಮ್ಮ ಬೋರ್ಡಿಗೇ ಬಡ್ಕೊಳ್ಳುತ್ತೆ. ಅಂದ್ರೆ ಈ ಆಫೀಸಿನ ಬಾಯಿ ಹೊಲಿದು ಕಿವಿ ಮಾತ್ರ ಬಿಟ್ಟಿದ್ದೀನಿ ಅಂತಿಟ್ಕೊಳ್ಳಿ. ನನ್ನ ಹೆಂಡ್ತಿಗೂ ಹೀಗೊಂದು ಮಾಡೋಕಾಗಿದ್ರೆ!" ಅವಳು ನಗಬೇಕಿತ್ತು, ನಕ್ಕಳು. ಅವನ ಸಿಳ್ಳೆ ಒಮ್ಮೆಗೇ ನಿಂತಿತು. "ಇದೇನಿದು? ಗೋದಾಮಿಗೆ ಬಂದ ಕರೆ ವಾಪಸ್ ಹೊರಗೆ ಹೋಗೋ ಹಾಗೆ ಯಾರೋ ಕಟ್ಟಿದ್ದಾರಲ್ಲ. ಇದನ್ನ ಬೋರ್ಡಿಂದಲೇ ಮಾಡಬೇಕು." ಅವನು ಕುರ್ಚಿಯನ್ನು ಅರ್ಧ ತಿರುಗಿಸಿ ಅವಳನ್ನು ನೋಡಿದ. ಕೋಣೆಯ ಫ್ಯಾನು ಒಂದೊಂದು ಸುತ್ತಿಗೂ ಕಟಕ್ಕೆನ್ನುತ್ತಿತ್ತು. "ನನಗೆ ಗೊತ್ತಿಲ್ಲ," ಎಂದಳು. ದನಿ ಸ್ವಚ್ಛವಾಗಿತ್ತು, ಹೊರಗಿನವರಿಗೆ 'ಲೈನ್ ಬಿಜಿ ಇದೆ' ಎನ್ನುವಾಗಿನ ದನಿ. ಅವನು ಇನ್ನೊಂದು ಗಳಿಗೆ ನೋಡಿ, "ನನಗ್ಯಾಕೆ ಬೇರೆಯವರ ಮನೆ ರಾಮಾಯಣ," ಎಂದು ತಿರುಗಿ ಕೂತ. ಒಂದು ಸಣ್ಣ ಟಿಕ್. ಅಷ್ಟೇ ಸದ್ದು. ಅಮ್ಮನ ಸಂಜೆ ಅಷ್ಟು ಸಣ್ಣದರಲ್ಲಿ ನಿಂತಿತ್ತೆ ಎಂದು ಅವಳು ಆ ಟಿಕ್ಕನ್ನೇ ಬಹಳ ಹೊತ್ತು ಕೇಳುತ್ತ ನಿಂತಳು. ಆಮೇಲೆ ತಾನು ಗೋದಾಮಣ್ಣನನ್ನು ಒಂದೇ ಬೆಳಿಗ್ಗೆ ಎರಡು ಸಲ ಕೈಬಿಟ್ಟೆನೆಂಬುದು, ಬಾಗಿಲ ಸಂದಿಗೆ ಸಿಕ್ಕ ಬೆರಳಿನ ನೋವಿನ ಹಾಗೆ, ತಡವಾಗಿ ಬಂತು.

ಮಧ್ಯಾಹ್ನದ ತನಕ ಇಡೀ ಆಫೀಸು ಅವಳ ಮೇಲೆ ಹರಿಹಾಯಿತು. ಒಬ್ಬರಿಗೆ ಅಳಿಯನ ಜತೆ ಮಾತಾಡಬೇಕಿತ್ತು, ಇನ್ನೊಬ್ಬರಿಗೆ ಸೊಸೆಯ ಹೆರಿಗೆಯ ಸುದ್ದಿ ಬೇಕಿತ್ತು. "ಒಂದೇ ನಿಮಿಷ ಕಣಮ್ಮ, ಯಾರಿಗೂ ಗೊತ್ತಾಗಲ್ಲ." "ಆಗಲ್ಲ ಸಾರ್." "ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?" "ಆಗಲ್ಲ." ಪ್ರತಿ ಸಲ ಆಗಲ್ಲ ಎಂದಾಗಲೂ ಬೀಗದ ಕೈ ಇನ್ನೊಂದು ಸುತ್ತು ತಿರುಗಿದಂತೆ ಕೇಳುತ್ತಿತ್ತು. ಬೆಳಿಗ್ಗೆ ಮಾಡಿದ ಲೆಕ್ಕ ಸರಳವಾಗಿತ್ತು: ಬಾಗಿಲು ಮುಚ್ಚಿದ್ದರೆ ರಸ್ತೆಗೆ ಹೋಗುವುದಿಲ್ಲ, ರಸ್ತೆಗೆ ಹೋಗದಿದ್ದರೆ ಬದುಕಿರುತ್ತಾಳೆ. ಈಗ ಊಟದ ಹೊತ್ತಿಗೆ ಅನ್ನ ಬಾಯಲ್ಲೇ ಉಳಿದು, ಆ ಲೆಕ್ಕದಿಂದ ಅಮ್ಮನೊಬ್ಬಳೇ ಬಿಟ್ಟುಹೋಗಿದ್ದಾಳೆ ಎಂದು ಹೊಳೆಯಿತು. ಸಂಜೆ ಇಳಿಯುತ್ತದೆ. ಅಮ್ಮ ಪದ್ಯ ನಿಲ್ಲಿಸುತ್ತಾಳೆ. ಧಾಟಿ ತಪ್ಪದಂತೆ ನಂಬರು ತಿರುಗಿಸುತ್ತಾಳೆ. ಖಾಲಿ ಕೋಣೆಯಲ್ಲಿ ಬೋರ್ಡು ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಆಮೇಲೆ ಬಾಗಿಲಿಗೆ ಬರುತ್ತಾಳೆ. ಆಮೇಲೆ? ಬಾಗಿಲಿನ ಒಳಬದಿಯನ್ನು ಅವಳು ಎಂದೂ ಹಾಗೆ ನೆನೆದಿರಲಿಲ್ಲ. ಈಗ ಅದರ ಮೇಲಿನ ಒಂದೊಂದು ಗೀರೂ ಕಣ್ಣಿಗೆ ಕಟ್ಟಿತು.

ಕೈ ತೊಳೆದು ಮ್ಯಾನೇಜರ ಕೋಣೆಗೆ ಹೋದಳು. ಅವರು ಫೋನಿನಲ್ಲಿದ್ದರು. ಇಡೀ ಕಟ್ಟಡದಲ್ಲಿ ಬಾಯಿ ಹೊಲಿಯದೆ ಬಿಟ್ಟಿದ್ದ ಒಂದೇ ಫೋನು ಅದು. ಸಂಜೆ ಕೋಣೆಗೆ ಬೀಗ ಹಾಕಿ ಅವರೇ ಕೀಲಿ ಒಯ್ಯುತ್ತಾರೆ. "ಊಟ ಮಾಡಿದೆಯಾ ಪುಟ್ಟಿ? ಚೆನ್ನಾಗಿ ತಿನ್ನು. ಅಲ್ಲಿ ಚಳಿಯಾ?" ದೂರದ ಹಾಸ್ಟೆಲಿನಲ್ಲಿ ಓದುವ ಮಗಳು. ಅವರ ಮುಖ ಮೆತ್ತಗಾಗಿ ಬೇರೆ ಯಾರದೋ ಮುಖವಾಗಿತ್ತು. ಅವಳು ಕೈ ಕಟ್ಟಿ ನಿಂತಳು. ಕೂರೆಂದು ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ಮಗಳಿಗೆ ಗಂಟಲು ನೋವಂತೆ, ಬಿಸಿನೀರು ಕುಡಿಯಬೇಕಂತೆ, ಅವಳ ಗೆಳತಿ ತುಂಬ ತಮಾಷೆಯವಳಂತೆ. ರಿಸೀವರ್ ಇಟ್ಟ ಮೇಲೆ ಹಳೆಯ ಮುಖ ವಾಪಸು ಬಂತು.

"ಸಾರ್, ಇವತ್ತು ಸ್ವಲ್ಪ ಬೇಗ ಹೋಗಲಾ?"

"ಯಾಕೆ?"

ಯಾಕೆ ಎಂದರೆ ಬೀಗ. ಬೀಗ ಯಾಕೆ ಎಂದರೆ ಲೈನು. ಯಾವ ಕೊನೆಯಿಂದ ಎಳೆದರೂ ಅದು ಗೋದಾಮಿನ ಫೋನಿಗೇ ಬಂದು ನಿಲ್ಲುತ್ತಿತ್ತು. "ಸುಮ್ಮನೆ, ಮನೇಲಿ," ಎಂದಳು.

"ಮನೆ ಎಲ್ಲರಿಗೂ ಇದೆಯಮ್ಮ. ಇವತ್ತೇ ಹೊಸ ವ್ಯವಸ್ಥೆ, ಇವತ್ತೇ ನೀವು ಇಲ್ಲ ಅಂದ್ರೆ? ನಾಳೆ ನೋಡೋಣ. ಹಾಂ, ಬೋರ್ಡಿನಲ್ಲಿ ಕೂತಿರೋರು ನೀವು. ಆ ಮುದುಕನ ಮೇಲೆ ಒಂದು ಕಣ್ಣಿಟ್ಟಿರಿ."

"ಆಗಲಿ ಸಾರ್," ಎಂದು ಬಂದಳು. ತಾನು ಆಗಲಿ ಎಂದದ್ದು ಯಾವುದಕ್ಕೆ ಎಂಬುದು ಓಣಿಯ ಅರ್ಧಕ್ಕೆ ಬಂದ ಮೇಲೆ ತಿಳಿಯಿತು.

ಆಫೀಸು ಮುಚ್ಚಿದ ಕೂಡಲೇ ಎಲ್ಲರಿಗಿಂತ ಮೊದಲು ಇಳಿದು ಬಸ್ ನಿಲ್ದಾಣಕ್ಕೆ ಓಡಿದಳು. ಎದುರು ಕಟ್ಟಡಗಳ ಮೇಲಿನ ಕಿಟಕಿಗಳಲ್ಲಿ ಮಾತ್ರ ಇನ್ನೂ ಬಿಸಿಲಿತ್ತು, ಕೆಳಗೆ ಬೀದಿ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಬಸ್ಸು ಬಂದು ಬಾಗಿಲು ತೆರೆಯಿತು. ಒಂದು ಕಾಲು ಮೇಲಿಟ್ಟಳು. ಆಗ, ಇಷ್ಟು ಗದ್ದಲದ ನಡುವೆ, ಎರಡನೆಯ ಮಹಡಿಯ ಬೋರ್ಡು ಹೊಡೆದುಕೊಳ್ಳುವುದು ಅವಳಿಗೆ ಕೇಳಿಸಿತು. ಕೇಳಿಸುವುದು ಸಾಧ್ಯವಿಲ್ಲ, ಗೊತ್ತು. ಮನೆಗೆ ಹೋಗುವಷ್ಟರಲ್ಲಿ ಅಮ್ಮ ಎಷ್ಟು ಸಲ ಮಾಡುತ್ತಾಳೆ, ಎಷ್ಟನೆಯ ಸಲಕ್ಕೆ ಕೈಬಿಡುತ್ತಾಳೆ? "ಹತ್ತುತ್ತೀರೋ, ಇಲ್ಲ ಬಸ್ಸಿಗೆ ದೃಷ್ಟಿ ತೆಗೀತೀರೋ?" ಎಂದ ಕಂಡಕ್ಟರು. ಅವಳು ಕಾಲು ಕೆಳಗಿಟ್ಟಳು. ಹಿಂದಕ್ಕೆ ಓಡುವಾಗ ಕೈಚೀಲದಲ್ಲಿ ಬೀಗದ ಕೈ ಚಿಲ್ಲರೆಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಮೆಟ್ಟಿಲು ಹತ್ತುವಾಗಲೇ ನಿಜವಾದ ಗಂಟೆ ಶುರುವಾಯಿತು. ಬಡಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಓಡಿಬಂದು ರಿಸೀವರ್ ಎತ್ತಿದಳು.

"ಚಿಕ್ಕೂ," ಎಂದಳು ಅಮ್ಮ. ಉಸಿರು ಜೋರಾಗಿತ್ತು. "ಯಾಕೇ ಇಷ್ಟು ಹೊತ್ತು ಎತ್ತಲಿಲ್ಲ? ಬಾಗಿಲು ಕಚ್ಕೊಂಡ್ಬಿಟ್ಟಿದೆ ಕಣೇ. ಎಳೆದೂ ಎಳೆದೂ ಸಾಕಾಯ್ತು."

"ಅಮ್ಮಾ, ನಾನು ದೊಡ್ಡೂ. ಕೂತ್ಕೋ, ಬರ್ತಿದ್ದೀನಿ."

ಆ ಕಡೆ ಅಮ್ಮ ರಿಸೀವರನ್ನು ಕೈಯಿಂದ ಕೈಗೆ ಬದಲಿಸಿದ ಸದ್ದು. ಆಮೇಲೆ, ಬಾಗಿಲಿಗೆ ಬಂದ ಅಪರಿಚಿತರನ್ನು ಸಾಗಹಾಕುವ ಮರ್ಯಾದೆಯ ದನಿ: "ನೀವು ಇಟ್ಬಿಡಿ. ಈ ಹೊತ್ತಿಗೆ ನನ್ನ ಚಿಕ್ಕ ಮಗಳು ಮಾತಾಡ್ತಾಳೆ. ಲೈನು ಹಿಡ್ಕೋಬೇಡಿ. ನಾನು ಕಿಟಕಿಯಿಂದ ನೋಡ್ತೀನಿ, ಸ್ಟೂಲು ಇಟ್ಟಿದ್ದೀನಿ, ಅಲ್ಲಿಂದ ಇಳಿದರೆ ರಸ್ತೆ ಹತ್ತಿರ."

ಮೂರನೆಯ ಮಹಡಿ. ಆ ಕಿಟಕಿಗೆ ಸರಳಿಲ್ಲ. ಅವಳ ಕೈ ತಾನಾಗಿ ದೂರದ ಲೈನಿನ ಗುಂಡಿ ಒತ್ತಿತು, ಹೊಲಿದ ಬಾಯಿ ಕುಂಯ್ಯೆಂದು ನರಳಿತು. ಪಕ್ಕದ ಲೈನಿನಲ್ಲಿ ತಮ್ಮ ಮನೆಯ ಕೆಳಗಿನ ಅಂಗಡಿಯ ನಂಬರು ಒತ್ತಿದಳು, ಅದೇ ನರಳಾಟ. ಆಗ ತನಗೇ ತಿಳಿಯದೆ ಗಂಟಲನ್ನು ಸಣ್ಣ ಮಾಡಿ, ಮೂಗಿನಲ್ಲಿ ಚೂರು ನಗೆ ಸೇರಿಸಿ, "ಏನಮ್ಮಾ ಮಹಾರಾಣಿ!" ಎಂದುಬಿಟ್ಟಳು.

"ಅಯ್ಯೋ ನನ್ನ ಚಿನ್ನ!" ಅಮ್ಮನ ದನಿ ಅರಳಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ, ಈ ದನಿ ತನಗೆಂದು ಒಮ್ಮೆಯೂ ಬಂದಿರಲಿಲ್ಲ. "ಯಾರೋ ಹೆಂಗಸು ನಡುವೆ ಬಂದಿದ್ಲು ಕಣೇ. ದೊಡ್ಡೂ ಅಂತೆ. ದೊಡ್ಡೂ ಎಲ್ಲಿ ಅಷ್ಟು ಮಾತಾಡ್ತಾಳೆ? ಪಾಪ, ಅದು ಮೂಗಿ. ಬರುತ್ತೆ, ಬೇಯಿಸುತ್ತೆ, ಮಲಗುತ್ತೆ. ನನ್ನ ಕಂಡ್ರೆ ಅದಕ್ಕೆ ಭಯ ಕಣೇ, ಯಾಕೋ."

"ಹೂಂ," ಎಂದಳು ಅವಳು, ತಂಗಿಯ ದನಿಯಲ್ಲಿ. ಕಣ್ಣೀರು ಮೂಗಿಗಿಳಿದು ದನಿ ಕೆಡದಿರಲೆಂದು ಮುಖವನ್ನು ಮೇಲೆತ್ತಿ ಹಿಡಿದಳು. "ಕಿಟಕಿ ಹತ್ರ ಹೋಗ್ಬೇಡಮ್ಮ. ನನ್ನ ಜತೆ ಮಾತಾಡ್ತಾ ಕೂತಿರು."

"ಎಲ್ಲಿ ಹೋಗ್ಲಿ? ನೀನು ಇರೋವರೆಗೂ ಇಲ್ಲೇ ಇರ್ತೀನಿ. ನೀನು ಇಟ್ಟ ಮೇಲೆ ನಿಮ್ಮನ್ನ ಕರ್ಕೊಂಡು ಬರೋಕೆ ಹೋಗ್ಬೇಕಲ್ಲ."

ಅವಳಿಗೆ ಎಲ್ಲವೂ ಸ್ಪಷ್ಟವಾಯಿತು, ಕತ್ತಲಲ್ಲಿ ದೀಪ ಹಾಕಿದಾಗ ಗೋಡೆ ಮೂಗಿನ ಮುಂದೆಯೇ ಇದ್ದ ಹಾಗೆ. ಫೋನು ಹಿಡಿದಿದ್ದರೆ ಅಮ್ಮ ಕಿಟಕಿ ಹತ್ತುವುದಿಲ್ಲ. ಫೋನು ಹಿಡಿದಿದ್ದರೆ ತಾನು ಮನೆಗೆ ಹೋಗಲಾರೆ. ಬೀಗದ ಕೈ ಇಲ್ಲಿ, ಬೀಗ ಅಲ್ಲಿ. ಅಮ್ಮ ಮಾತಾಡುತ್ತಲೇ ಇದ್ದಳು. ಶಾಲೆ, ಮಾಸಿದ ಲಂಗ, ಯಾರೋ ಸತ್ತವರು, ಯಾರೋ ಹುಟ್ಟಿದವರು. ಎಷ್ಟು ಹೊತ್ತು ಮಾತಾಡಿಯಾಳು? ಸುಸ್ತಾಗಿ ಇಟ್ಟರೆ?

ಬಾಗಿಲಲ್ಲಿ ನೆರಳು ಬಿತ್ತು. ಪಾಳಿಗೆ ಬಂದ ಗೋದಾಮಣ್ಣ ದೀಪ ಆರಿಸುತ್ತ ಬರುತ್ತಿದ್ದ. "ಇನ್ನೂ ಹೋಗಿಲ್ವಾ ತಾಯಿ?" ಎಂದ, ಎಂದಿನ ಹಾಗೆ.

ಅವಳು ರಿಸೀವರಿನ ಮಾತಾಡುವ ತುದಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. "ಅಣ್ಣಾ, ಇಲ್ಲಿ ಕೂತ್ಕೊಳ್ಳಿ. ನಮ್ಮಮ್ಮ ಮಾತಾಡ್ತಾ ಇದ್ದಾರೆ. ಸುಮ್ಮನೆ ಹೂಂ ಅಂತಿರಿ, ಮತ್ತೇನೂ ಬೇಡ. ನಾನು ಮನೆ ಮುಟ್ಟೋವರೆಗೆ. ಹೊಸಬರು ಬಾಗಿಲು ತೆಗೆದ್ರೆ ಹೆದರ್ತಾರೆ, ನಾನೇ ಹೋಗ್ಬೇಕು. ಹೊರಗಿಂದ ಬೀಗ ಹಾಕಿ ಬಂದಿದ್ದೀನಿ, ಫೋನ್ ಇಟ್ರೆ ಕಿಟಕಿಯಿಂದ ಇಳೀತಾರೆ."

ಅವನು ಫೋನನ್ನು ನೋಡಿದ, ಅವಳನ್ನು ನೋಡಿದ. "ಫೋನ್ ಮುಟ್ಟಬಾರದು ಅಂದಿದ್ದಾರಲ್ಲ ತಾಯಿ. ಎಲ್ಲರ ಮುಂದೆ ಅಂದ್ರು. ನೀವೂ ಇದ್ರಿ."

"ಅದು ನಾನು ಅಣ್ಣಾ. ಸಂಜೆ ಕರೆ ಹೋಗ್ತಿದ್ದದ್ದು ನನ್ನಿಂದ. ನಮ್ಮಮ್ಮ ತಂಗಿ ಹತ್ರ ಮಾತಾಡ್ಲಿ ಅಂತ ನಾನೇ ಕಟ್ಟಿದ್ದೆ. ನಾಳೆ ಹೇಳ್ತೀನಿ, ಎಲ್ಲರ ಮುಂದೆ ಹೇಳ್ತೀನಿ."

ಮುದುಕ ದೀಪದ ಸ್ವಿಚ್ಚಿನಿಂದ ಕೈ ತೆಗೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು. "ಬೆಳಿಗ್ಗೆ ಈ ಬಾಯಿ ಎಲ್ಲಿಗೆ ಹೋಗಿತ್ತಮ್ಮ?" ಎಂದ ಮೆಲ್ಲಗೆ. "ನಾನು ಒಬ್ಬೊಬ್ಬರ ಮುಖಾನೂ ನೋಡ್ದೆ. ಮನೆಗೆ ಹೋಗಿ ಹೇಳಿದ್ರೆ, ನನ್ನ ಹೆಂಡ್ತಿ ಮೊದಲು ಕೇಳಿದ್ದೇ, 'ಯಾರಿಗೆ ಮಾಡ್ತಿದ್ದೆ, ನಿಜ ಹೇಳು' ಅಂತ."

"ತಪ್ಪಾಯ್ತು. ನಿಮ್ಮ ಕಾಲಿಗೆ ಬೀಳ್ತೀನಿ ಅಣ್ಣಾ. ಇದೊಂದು ಸಲ." ರಿಸೀವರಿನ ಇನ್ನೊಂದು ತುದಿಯಲ್ಲಿ ಅಮ್ಮನ ದನಿ ಹಿಡಿದಿಟ್ಟ ಹುಳುವಿನ ಹಾಗೆ ಗುಂಯ್‌ಗುಡುತ್ತಿತ್ತು: ಚಿಕ್ಕೂ, ಇದ್ದೀಯೇನೇ, ಚಿಕ್ಕೂ. ಅವಳು ರಿಸೀವರನ್ನು ಅವನ ಎದೆಯ ಹತ್ತಿರಕ್ಕೆ ಚಾಚಿದಳು. ಸುರುಳಿ ತಂತಿ ಎಷ್ಟು ಬಂದೀತೋ ಅಷ್ಟೂ ಎಳೆದುಕೊಂಡು ನಡುಗಿತು.

ಗೋದಾಮಣ್ಣ ಎರಡೂ ಕೈಗಳನ್ನು ನಿಧಾನವಾಗಿ ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲಮ್ಮ," ಎಂದ. "ನಾನು ಮುಟ್ಟಲ್ಲ."